ಹೆಬ್ಬೆಟ್ಟು

ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ ನನ್ನದು ಕಾಲರ್ ಲೈನು,
ಎದುರಿನ ಮಶೀನಿನಲ್ಲಿ ಗುತ್ಯಮ್ಮ.
ಮಂಗಳವಾರ, ಗುರುವಾರ ಶಿಫ್ಟು ಮುಗಿದ ಮೇಲೆ
ಕ್ಯಾಂಟೀನಿನ ಮೂಲೆಯಲ್ಲಿ ಅರ್ಧ ಗಂಟೆ ಇಂಗ್ಲಿಷು.
ಕಲಿತವರು ಸೂಪರ್‌ವೈಸರ್ ಆಗಬಹುದು, ಎಂದಿತ್ತು ನೋಟೀಸು.
ಆ 'ಬಹುದು' ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಲಿಸಲು ಬರುತ್ತಿದ್ದವರು ಲವೀನಾ ಮಿಸ್ಸು, ಸಾಗರದ ಕಡೆಯವರು.
ಸಾರಿನ ಪಾತ್ರೆ ತಿಕ್ಕುವ ಸದ್ದಿಗಿಂತ ಮೇಲೆ ದನಿ ಎತ್ತಿ
ಮಾಡುವವಳು ಐ, ಅಂದರು,
ಮಾಡಿಸಿಕೊಳ್ಳುವವಳು ಮಿ.
ಬೈದರೆ ಐ, ಬೈಸಿಕೊಂಡರೆ ಮಿ.
ಹಿಂದಿನ ಬೆಂಚಿಂದ ಗುತ್ಯಮ್ಮ:
"ಹಂಗಾದ್ರೆ ನಮಗೆ ಮಿ ಒಂದು ಬಂದ್ರೆ ಸಾಕಲ್ಲ ಮಿಸ್?"
ಮೊದಲು ನಕ್ಕಿದ್ದು ಮಿಸ್ಸೇ.

ಒಬ್ಬಳೇ ಇದ್ದಾಗ ನಾನು ತಪ್ಪುತ್ತಿರಲಿಲ್ಲ.
ಜೊತೆಗೊಬ್ಬಳು ಸೇರಿದಳೋ, ಕಾಲು ತೊಡರುತ್ತಿತ್ತು.
ಗುತ್ಯಮ್ಮ ಅಂಡ್ ಮಿ ಕ್ಯಾಚ್ ದ ಬಸ್, ಎಂದು ಬರೆದಿದ್ದೆ.
ಮಿಸ್ಸು ನನ್ನ ಹೆಬ್ಬೆಟ್ಟು ಹಿಡಿದು
ಗುತ್ಯಮ್ಮನ ಹೆಸರಿನ ಮೇಲೆ ಒತ್ತಿದರು.
"ಮುಚ್ಚು ಅವಳನ್ನ. ಈಗ ಓದು."
ಮಿ ಕ್ಯಾಚ್ ದ ಬಸ್. ಥೂ, ನನ್ನ ಕಿವಿಯೇ ಒಪ್ಪಲಿಲ್ಲ.
"ನೋಡು, ಜೊತೆಯವಳು ಮರೆಯಾದ್ರೆ
ನೀನು ಯಾರು ಅಂತ ತಾನೇ ಗೊತ್ತಾಗುತ್ತೆ."
ಬೆರಳೆತ್ತಿದೆ. ಜೆಲ್ ಪೆನ್ನಿನ ಶಾಯಿ ಇನ್ನೂ ಆರಿರಲಿಲ್ಲ,
ಅವಳ ಹೆಸರಿನ ಮೊದಲಕ್ಷರ ನನ್ನ ಬೆರಳಲ್ಲಿತ್ತು.

ನಮ್ಮವ್ವ ಹೆಬ್ಬೆಟ್ಟಿನವಳು. ಅವಳಿಗೆ ಇದನ್ನು ಹೇಳಿದರೆ
"ನಾನು ಒತ್ತೋದು ನಾನಿದೀನಿ ಅನ್ನಕ್ಕೆ ಕಣೇ" ಅಂದಳು.

ಒಂದು ಮಾತ್ರ ಗಂಟಲಿಳಿಯಲಿಲ್ಲ.
ನನಗೆ ಹಸಿವು, ನನಗೆ ಚಳಿ, ನನಗೆ ಭಯ,
ನಮ್ಮಲ್ಲಿ ಇವೆಲ್ಲ ಹೊರಗಿಂದ ಬಂದು ಕದ ತಟ್ಟುವ ನೆಂಟರು.
ಅವರಲ್ಲಿ ಐ ಆಮ್ ಹಂಗ್ರಿ, ಐ ಆಮ್ ಅಫ್ರೇಡ್.
"ಭಯಕ್ಕೂ ಮಿ ಬರಲ್ವಾ ಮಿಸ್?"
"ಇಲ್ಲಮ್ಮ. ಅದಕ್ಕೂ ನೀನೇ ಮುಂದೆ ನಿಲ್ಲಬೇಕು."

ಏಪ್ರಿಲಿನಲ್ಲಿ ಫ್ಯಾನು ಕೆಟ್ಟು ನಾಲ್ಕನೇ ದಿನ
ಬಸುರಿ ತಾಹಿರಾ ಬಾಬಿನ್ ಪೆಟ್ಟಿಗೆಯ ಮೇಲೆ ಕುಸಿದಳು.
ಗುತ್ಯಮ್ಮ ನನ್ನನ್ನು ನೋಡಿದಳು, ನಾನು ಅವಳನ್ನು.
ಮೇನ್ ಸ್ವಿಚ್ಚಿಗೆ ಇಬ್ಬರ ಕೈಯೂ ಒಟ್ಟಿಗೇ ಹೋಯಿತು,
ಅವಳದು ಕೆಳಗೆ, ನನ್ನದು ಅದರ ಮೇಲೆ.
ನಲವತ್ತು ಮಶೀನು ಒಮ್ಮೆಗೇ ಸುಮ್ಮನಾದವು.
ಹನ್ನೊಂದು ನಿಮಿಷ.
ಹೊರಗೆ ಹೈವೇ ಮೇಲೆ ಲಾರಿಗಳು ಓಡಾಡುತ್ತಿದ್ದುದು
ಅವತ್ತೇ ಮೊದಲು ಕೇಳಿಸಿದ್ದು.

ನಡೆದದ್ದನ್ನು ಬರೆದುಕೊಡು ಅಂದರು, ಇಂಗ್ಲಿಷಿನಲ್ಲಿ,
ಮೇಲಿನವರು ಓದಬೇಕಂತೆ, ಕಲಿತವಳು ನೀನೇ ಅಲ್ಲವೇ.
ಎಸಿ ರೂಮು. ಬಿಳಿ ಹಾಳೆ. ಬೆವರು ಆರಿ ಚಳಿಯಾಯಿತು.
ಶೀ ಅಂಡ್ ಐ ಸ್ಟಾಪ್ಡ್ ದ ಮಶೀನ್ಸ್, ಎಂದು ಬರೆದೆ.
ಸರಿಯಾಗಿತ್ತು. ಆದರೂ ಅಭ್ಯಾಸ, ಹೆಬ್ಬೆಟ್ಟು ಇಟ್ಟು ನೋಡಿದೆ.
ಈ ಸಲ ಅದು ನನ್ನ ಮೇಲೇ ಕೂತಿತ್ತು.
ಶೀ ಸ್ಟಾಪ್ಡ್ ದ ಮಶೀನ್ಸ್.
ಇದೂ ಸರಿಯಾಗಿಯೇ ಇತ್ತು.
ಇನ್ನೊಂದು ಹಾಳೆ ಕೊಡಿ ಸಾರ್, ಅಂದೆ.

ಒಂದೂ ತಪ್ಪಿಲ್ಲ ಎಂದು ಹೊಗಳಿದರು.
ಜೂನಿನಿಂದ ನಾನು ಸೂಪರ್‌ವೈಸರು.

ಮೊನ್ನೆ ಬಸ್ಸಿನಲ್ಲಿ ಸಿಕ್ಕಳು ಗುತ್ಯಮ್ಮ.
ಗಾಂಧಿ ಬಜಾರಿನ ಟೈಲರಂಗಡಿಯಲ್ಲಿ ಕಾಜಾ ಹಾಕುತ್ತಾಳಂತೆ.
ಕಂಡಕ್ಟರು ಸೊನ್ನೆ ರೂಪಾಯಿಯ ಎರಡು ಟಿಕೆಟು ಹರಿದ,
ನನ್ನದನ್ನೂ ಅವಳೇ ಇಸಕೊಂಡು ನನ್ನ ಕೈಗಿಟ್ಟಳು.
"ತಪ್ಪಾಯ್ತು ಕಣೇ" ಅಂದೆ.
ಎಷ್ಟು ಸಲೀಸು ನಮ್ಮ ಭಾಷೆ:
ಸಂಜೆಯಾಯ್ತು, ಹೊತ್ತಾಯ್ತು, ತಪ್ಪಾಯ್ತು,
ಮಾಡಿದವರೇ ಇಲ್ಲ.

ಕಿಟಕಿಯಾಚೆ ತುಂಗೆಯನ್ನು ನೋಡುತ್ತಾ
"ಇಂಗ್ಲಿಷಲ್ಲಿ ಹೇಳು" ಅಂದಳು.

ಬರೆದರೆ ಒಂದೇ ಗೀಟು ಅದು, ನೆಟ್ಟಗೆ ನಿಲ್ಲುವಂಥದ್ದು.
ಸೇತುವೆ ಮುಗಿಯುವವರೆಗೂ
ಗಂಟಲಲ್ಲಿ ಅಡ್ಡ ಮಲಗಿತ್ತು.